ಮುಂದಿನ ಚಕ್ರ ನೋಡಿ

"ಅಣ್ಣಾ, ಆಲ್ ವೀಲ್ ಡ್ರೈವ್ ಇದ್ದಿದ್ರೆ ಹೀಗೆ ಆಗ್ತಿರ್ಲಿಲ್ಲ."

ಚಿಕ್ಕಪ್ಪನ ಮಗ ಇದನ್ನು ಹೇಳುವಾಗ ಅವನ ಬಲಗೈ ಕುತ್ತಿಗೆಯಿಂದ ಜೋತು ಬಿದ್ದಿತ್ತು. ಕಾಲರ್ ಬೋನ್ ಮುರಿದಿತ್ತು. ಜೂನ್ ಮೊದಲ ವಾರ, ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ, ಮಂಗಳೂರಿನ ಹೊರಗೆ ಒಂದೆರಡು ಮನೆ ಮಾತ್ರ ಎದ್ದಿರುವ ಲೇಔಟ್‌ನಲ್ಲಿ ಅವನಪ್ಪನ ಹ್ಯಾಚ್‌ಬ್ಯಾಕ್ ಓಡಿಸುತ್ತಾ ಹ್ಯಾಂಡ್‌ಬ್ರೇಕ್ ಎಳೆದಿದ್ದಾನೆ. ಬೇಸಿಗೆಯಿಡೀ ಕೂತ ಧೂಳು, ಎಣ್ಣೆ, ಅದರ ಮೇಲೆ ನೀರು. ಕಾರು ತಿರುಗಿದೆ, ಅವನು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ತಿರುಗಿ ಕೆಂಪುಕಲ್ಲಿನ ಕಂಪೌಂಡಿಗೆ ಹೋಗಿ ಹೊಡೆದಿದೆ. ಹಿಂದೆ ಕೂತಿದ್ದ ಗೆಳೆಯನಿಗೆ ಏನೂ ಆಗಲಿಲ್ಲ. ಕಂಪೌಂಡಿನ ಆಚೆ ಒಬ್ಬರು ಬಟ್ಟೆ ಒಣಗಲು ಹಾಕುತ್ತಿದ್ದರಂತೆ. ಗೋಡೆ ನಿಂತಿತು, ಹಾಗಾಗಿ ನಾನು ಈಗ ಸಿನಿಮಾದ ಬಗ್ಗೆ ಬರೆಯಬಹುದು.

ಸಿನಿಮಾ ಎಲ್ಲಿಂದ ಬಂತು ಅಂದರೆ, ಈ ಹುಚ್ಚು ಹತ್ತಿದ್ದು ಅಲ್ಲಿಂದಲೇ. 'ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್: ಟೋಕಿಯೊ ಡ್ರಿಫ್ಟ್', ಜಸ್ಟಿನ್ ಲಿನ್ ನಿರ್ದೇಶನ, 2006. ಹಾಸ್ಟೆಲಿನಿಂದ ಪೆನ್‌ಡ್ರೈವ್‌ನಲ್ಲಿ ಅದನ್ನು ಊರಿಗೆ ತಂದು, ಆಗಿನ್ನೂ ಪ್ರೈಮರಿ ಶಾಲೆಯಲ್ಲಿದ್ದ ಈ ಹುಡುಗನನ್ನು ಪಕ್ಕ ಕೂರಿಸಿಕೊಂಡು ತೋರಿಸಿದವನು ನಾನೇ. ಚಿಕ್ಕಮ್ಮನಿಗೆ ಇದು ಇವತ್ತಿಗೂ ಗೊತ್ತಿಲ್ಲ. ಅವರು ತಂದಿಟ್ಟ ಚಹಾ ಕುಡಿಯುತ್ತಾ, ಅವನ ಲ್ಯಾಪ್‌ಟಾಪಿನಲ್ಲಿ, ಇಬ್ಬರೂ ಮತ್ತೊಮ್ಮೆ ನೋಡಿದೆವು.

ಒಂದು ಒಳ್ಳೆಯ ಮಾತು ಮೊದಲು ಹೇಳಿಬಿಡ್ತೇನೆ. ಈ ಸಿನಿಮಾದಲ್ಲಿ ನಾಯಕ ಸೋಲುತ್ತಾನೆ. ಅಮೆರಿಕದ ಹುಡುಗ ಶಾನ್ ಟೋಕಿಯೊದ ಬಹುಮಹಡಿ ಪಾರ್ಕಿಂಗ್ ಕಟ್ಟಡದಲ್ಲಿ, ಹಾನ್ ಕೊಟ್ಟ ನಿಸಾನ್ ಸಿಲ್ವಿಯಾವನ್ನು ಗೋಡೆಗೆ, ಕಂಬಕ್ಕೆ, ಸಿಕ್ಕಿದ್ದಕ್ಕೆಲ್ಲ ಹೊಡೆದು ಗುಜರಿ ಮಾಡುತ್ತಾನೆ. ನೇರ ಓಡಿಸಲು ಗೊತ್ತಿದ್ದವನಿಗೆ ಅಡ್ಡ ಓಡಿಸಲು ಗೊತ್ತಿಲ್ಲ. ಕಾರು ಓಡಿಸುವ ಸಿನಿಮಾಗಳಲ್ಲಿ ಇಷ್ಟು ಪ್ರಾಮಾಣಿಕ ದೃಶ್ಯ ನಾನು ಕಂಡದ್ದು ಕಮ್ಮಿ. ಆಮೇಲೆ ಬಂದರಿನ ಬದಿಯಲ್ಲಿ ಅವನ ಅಭ್ಯಾಸ, ಮೀನು ಹಿಡಿಯುತ್ತಾ ಕೂತು ಅವನನ್ನು ಆಡಿಕೊಳ್ಳುವ ಇಬ್ಬರು. ಅವರಲ್ಲಿ ಒಬ್ಬರು ಕೇಯಿಚಿ ಸುಚಿಯಾ, ನಿಜ ಜೀವನದಲ್ಲಿ 'ಡ್ರಿಫ್ಟ್ ಕಿಂಗ್' ಎಂದೇ ಹೆಸರಾದ ಜಪಾನಿ ಚಾಲಕ. ವಿದ್ಯೆ ಗೊತ್ತಿದ್ದವನನ್ನು ದಡದಲ್ಲಿ ಕೂರಿಸಿ ನಗಿಸಿದ್ದು ಚೆಂದ ಉಂಟು.

ಆದರೆ ಮೋಸ ಆಗಿರುವುದೂ ಇದೇ ಬಂದರಿನಲ್ಲಿ.

ಶಾನ್ ಅಲ್ಲಿ ಕಲಿಯುವುದು ಕೆಂಪು ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್‌ನಲ್ಲಿ. ಶೋರೂಮಿನಿಂದ ಬರುವಾಗ ಎವೋ ಆಲ್ ವೀಲ್ ಡ್ರೈವ್ ಕಾರು. ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುತ್ತದೆ. ಸಿನಿಮಾದ ಡ್ರಿಫ್ಟ್ ದೃಶ್ಯಗಳಿಗಾಗಿ ತಂಡದವರು ಮುಂದಿನ ಚಕ್ರಗಳಿಗೆ ಹೋಗುವ ಶಕ್ತಿಯನ್ನು ತಪ್ಪಿಸಿ ಅದನ್ನು ರಿಯರ್ ವೀಲ್ ಡ್ರೈವ್ ಮಾಡಿಕೊಂಡಿದ್ದರು. ಸಿನಿಮಾದೊಳಗೆ ಇದರ ಬಗ್ಗೆ ಒಂದು ಅಕ್ಷರ ಇಲ್ಲ. ಹಾನ್ ಹೇಳುವುದಿಲ್ಲ, ಮೀನು ಹಿಡಿಯುವವರೂ ಹೇಳುವುದಿಲ್ಲ. ಹೇಳಿದ್ದರೆ ಅರ್ಧ ನಿಮಿಷದ ಮಾತು. ಆ ಅರ್ಧ ನಿಮಿಷ ಇಲ್ಲದ್ದರಿಂದ ನನ್ನಂಥ ಸಾವಿರಾರು ಹುಡುಗರು ಕಲಿತ ಪಾಠ ಇದು: ಕಾರು ಯಾವುದಾದರೂ ಆಗ್ತದೆ, ಧೈರ್ಯ ಇದ್ದರೆ ಸಾಕು.

ಅದು ಸುಳ್ಳು ಎಂದು ತಿಳಿಯಲು ಎಂಜಿನಿಯರಿಂಗ್ ಓದಬೇಕಾಗಿಲ್ಲ. ಇನ್ನೊಮ್ಮೆ ನೋಡುವಾಗ ಹೊಗೆ ನೋಡಬೇಡಿ, ಮುಂದಿನ ಚಕ್ರ ನೋಡಿ. ಕಾರು ಎಡಕ್ಕೆ ತಿರುಗುತ್ತಿರುವಾಗ ಆ ಎವೋದ ಮುಂದಿನ ಚಕ್ರಗಳು ಪೂರ್ತಿ ಬಲಕ್ಕೆ ತಿರುಚಿಕೊಂಡಿರುತ್ತವೆ. ಹಿಂದಿನ ಚಕ್ರ ಮಾತ್ರ ತಳ್ಳುವ ಕಾರು ಅಡ್ಡ ಹೋಗುವ ರೀತಿ ಅದು. ಇದನ್ನೇ ಪಾಜ್ ಮಾಡಿ ತಮ್ಮನಿಗೆ ತೋರಿಸಿದೆ. ಅವನು ಎರಡು ಸಲ ಹಿಂದೆ ಎಳೆದು ನೋಡಿದ. "ಹೌದಲ್ಲ ಮಾರಾಯ" ಅಂದ, ಅಣ್ಣ ಅನ್ನುವುದನ್ನು ಮರೆತು.

ಟಯರಿಗೆ ನೆಲದ ಮೇಲೆ ಇರುವ ಹಿಡಿತ ಒಂದು ಮಿತಿಯದ್ದು. ಅದನ್ನೇ ಮುಂದೆ ತಳ್ಳುವುದಕ್ಕೂ ತಿರುಗುವುದಕ್ಕೂ ಹಂಚಬೇಕು. ರಿಯರ್ ವೀಲ್ ಡ್ರೈವ್‌ನಲ್ಲಿ ಕೆಲಸ ಪಾಲಾಗಿದೆ. ಮುಂದಿನ ಚಕ್ರಕ್ಕೆ ದಿಕ್ಕು, ಹಿಂದಿನದಕ್ಕೆ ಬಲ. ತಿರುವಿನಲ್ಲಿ ಆಕ್ಸಿಲರೇಟರ್ ಜಾಸ್ತಿ ಒತ್ತಿದರೆ ಹಿಂಭಾಗ ಜಾರುತ್ತದೆ, ಸ್ಟಿಯರಿಂಗ್ ಎದುರು ದಿಕ್ಕಿಗೆ ಕೊಟ್ಟು ಹಿಡಿದುಕೊಳ್ಳಬೇಕು. ಬಲಗಾಲು ಏನು ಮಾಡ್ತು, ಕೈ ಏನು ಮಾಡ್ತು ಎಂದು ಬೇರೆ ಬೇರೆಯಾಗಿ ಗೊತ್ತಾಗುತ್ತದೆ. ನಮ್ಮ ಭಾಷೆಯಲ್ಲಿ, ಡೀಬಗ್ ಮಾಡಬಹುದು. ಒದ್ದೆ ನೆಲದಲ್ಲಿ ಮೂವತ್ತು ಕಿಲೋಮೀಟರ್ ವೇಗಕ್ಕೇ ಇದೆಲ್ಲ ಆಗುತ್ತದೆ. ತಪ್ಪಿದರೆ ಕಾರು ಗಿರಕಿ ಹೊಡೆದು, ಬಂದ ದಾರಿಗೆ ಮುಖ ಮಾಡಿ ನಿಲ್ಲುತ್ತದೆ. ಮರ್ಯಾದೆ ಹೋಗ್ತದೆ. ಸುತ್ತ ಏನೂ ಇಲ್ಲದಿದ್ದರೆ ಹೋಗುವುದು ಅಷ್ಟೇ.

ಆಲ್ ವೀಲ್ ಡ್ರೈವ್‌ನಲ್ಲಿ ಮುಂದಿನ ಚಕ್ರವೂ ಎಳೆಯುತ್ತದೆ. ಹೊಸಬ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಹೆಚ್ಚಿನ ಕಾರುಗಳು ಅಡ್ಡ ಹೋಗುವುದೇ ಇಲ್ಲ, ಮೂತಿ ಮುಂದೆ ಮಾಡಿ ತಿರುವಿನ ಹೊರಗೆ ಹೋಗುತ್ತವೆ. ಅಡ್ಡ ಮಾಡಬೇಕಾದರೆ ಮೊದಲು ಕಾರಿನ ಭಾರವನ್ನು ಎಸೆಯಬೇಕು. ತಿರುವಿಗೆ ಮೊದಲು ಎದುರು ದಿಕ್ಕಿಗೆ ಒಮ್ಮೆ ಎಳೆದು, ಕಾಲು ತೆಗೆದು, ಒಳಕ್ಕೆ ತಿರುಗಿಸಿ, ಆಮೇಲೆ ಶಕ್ತಿ ಕೊಡಬೇಕು. ಇದಕ್ಕೆ ವೇಗ ಬೇಕು, ಇಲ್ಲವಾದರೆ ಮಣ್ಣು, ಜಲ್ಲಿ, ಹಿಮ ಬೇಕು. ಒಮ್ಮೆ ಅಡ್ಡವಾದ ಮೇಲೆ ಮಾತ್ರ ಅದು ದೊಡ್ಡ ಮನಸ್ಸಿನ ಕಾರು. ಮುಂದಿನ ಚಕ್ರವನ್ನು ಹೋಗಬೇಕಾದ ಕಡೆ ತೋರಿಸಿ ಆಕ್ಸಿಲರೇಟರ್ ಒತ್ತಿದರೆ ಎಳೆದುಕೊಂಡು ಹೊರಗೆ ತರುತ್ತದೆ. 'ಸುಲಭ' ಎನ್ನುವ ಹೆಸರು ಬಂದದ್ದು ಇದರಿಂದ. ಆದರೆ ಅದು ಕ್ಷಮಿಸುವುದು ಹೆಚ್ಚಿನ ವೇಗದಲ್ಲಿ. ಕ್ಷಮೆ ಮುಗಿದ ಜಾಗದಲ್ಲಿ ಗೋಡೆ ಎದುರಾಗುವುದೂ ಅದೇ ವೇಗದಲ್ಲಿ. ಹೆದರಿ ಕಾಲು ತೆಗೆದರಂತೂ ಎಳೆದು ತರುವ ಬಲವೂ ಹೋಯಿತು.

ತಮ್ಮ ಓಡಿಸಿದ್ದು ಇವೆರಡೂ ಅಲ್ಲ, ಫ್ರಂಟ್ ವೀಲ್ ಡ್ರೈವ್. ಅದರಲ್ಲಿ ಹ್ಯಾಂಡ್‌ಬ್ರೇಕ್ ಎಳೆದರೆ ಹಿಂದಿನ ಚಕ್ರ ಲಾಕ್ ಆಗಿ ಜಾರುತ್ತದೆ, ನಿಜ. ಜಾರಿದ್ದನ್ನು ಹಿಂದಿನಿಂದ ತಳ್ಳುತ್ತಾ ಉಳಿಸಿಕೊಳ್ಳಲು ಅಲ್ಲಿ ಏನೂ ಇಲ್ಲ. ಅದು ಡ್ರಿಫ್ಟ್ ಅಲ್ಲ, ಜಾರುಬಂಡೆ.

ಇದನ್ನೆಲ್ಲ ಮರೆಮಾಡದ ಕೃತಿ ಒಂದಿದೆ, ಅದು ಸಿನಿಮಾ ಅಲ್ಲ, ಕಾಮಿಕ್ಸ್. ಶುಯಿಚಿ ಶಿಗೆನೊ 1995ರಲ್ಲಿ ಶುರು ಮಾಡಿ 2013ರವರೆಗೆ ಬರೆದ 'ಇನಿಶಿಯಲ್ ಡಿ'. ತಕುಮಿ ಎಂಬ ಹುಡುಗ ಅಪ್ಪನ ಅಂಗಡಿಯ ತೋಫುವನ್ನು ದಿನಾ ಬೆಳಗಾಗುವ ಮೊದಲು ಬೆಟ್ಟದ ಮೇಲಿನ ಹೋಟೆಲಿಗೆ ತಲುಪಿಸುತ್ತಾನೆ. ಕಾರು ಟೊಯೋಟಾದ ಹಳೆಯ ಎಇ86, ರಿಯರ್ ವೀಲ್ ಡ್ರೈವ್, ಶಕ್ತಿ ಅಷ್ಟಕ್ಕಷ್ಟೆ. ಅಪ್ಪ ಒಂದು ಲೋಟದಲ್ಲಿ ನೀರಿಟ್ಟು, ಚೆಲ್ಲದ ಹಾಗೆ ಓಡಿಸು ಅನ್ನುತ್ತಾನೆ. ಎದುರಾಳಿಗಳು ಎವೋ, ಇಂಪ್ರೆಜಾ ತರುವಾಗ ಯಾವ ಚಕ್ರಕ್ಕೆ ಶಕ್ತಿ ಹೋಗುತ್ತದೆ ಎನ್ನುವುದೇ ಕತೆಯಾಗುತ್ತದೆ, ಪುಟಗಟ್ಟಲೆ. ಬೇಸರ ಬರುವಷ್ಟು ಉದ್ದ ಎಂದು ಗೆಳೆಯರು ಹೇಳ್ತಾರೆ. ನನಗೆ ಬೇಸರ ಬರಲಿಲ್ಲ, ಕಾರಣ ಪೂರ್ತಿ ಖಾಸಗಿ.

ಸುಳ್ಯದ ಕಡೆಯ ನಮ್ಮ ಮನೆಯಿಂದ ಹಾಲಿನ ಸೊಸೈಟಿಗೆ ಕೆಂಪು ಮಣ್ಣಿನ ಇಳಿಜಾರು ದಾರಿ. ನಾನು ಕಾರು ಕಲಿತದ್ದು ಅಲ್ಲಿ, ಅಪ್ಪನ ಮಾರುತಿ ಓಮ್ನಿಯಲ್ಲಿ. 796 ಸಿಸಿ, ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿ, ಶಕ್ತಿ ಹಿಂದಿನ ಚಕ್ರಕ್ಕೆ. ಹೋಗುವಾಗ ಹಿಂದೆ ತುಂಬಿದ ಕ್ಯಾನು, ಆ ಭಾರಕ್ಕೆ ಹಿಂದಿನ ಚಕ್ರ ನೆಲ ಕಚ್ಚಿಕೊಂಡಿರುತ್ತಿತ್ತು. ಬರುವಾಗ ಕ್ಯಾನು ಖಾಲಿ, ಹತ್ತುದಾರಿ, ಆಟಿ ತಿಂಗಳ ಮಳೆ. ಎರಡನೇ ತಿರುವಿನಲ್ಲಿ ಹಿಂಭಾಗ ಹಗುರಾಗಿ ಅಡಿಕೆ ತೋಟದ ಕಡೆ ಹೊರಟುಬಿಡುತ್ತಿತ್ತು. ಅಪ್ಪ ಪಕ್ಕದಲ್ಲಿ ಕೂತು ಹೇಳುತ್ತಿದ್ದದ್ದು ಎರಡೇ ಮಾತು. "ಬ್ರೇಕ್ ಮುಟ್ಟಬೇಡ. ಹೋಗ್ಬೇಕಾದ ಕಡೆ ನೋಡು." ಅವರಿಗೆ ಡ್ರಿಫ್ಟ್ ಎಂಬ ಶಬ್ದ ಗೊತ್ತಿರಲಿಲ್ಲ. ಅವರು ಅದನ್ನು ಮಾಡದಿರುವುದನ್ನು ಕಲಿಸುತ್ತಿದ್ದರು. ನಾನು ಅದೇ ಪಾಠವನ್ನು ಹಾಸ್ಟೆಲಿನಲ್ಲಿ ಕೂತು ಪೆನ್‌ಡ್ರೈವಿನಲ್ಲಿ ಹುಡುಕಿದೆ. ಮತ್ತೆ ಊರಿಗೆ ತಂದದ್ದು ಪೆನ್‌ಡ್ರೈವ್ ಮಾತ್ರ.

ತಮ್ಮನ ಆಲ್ ವೀಲ್ ಡ್ರೈವ್ ಮೋಹಕ್ಕೆ ಇನ್ನೊಬ್ಬ ಗುರು ಕೆನ್ ಬ್ಲಾಕ್. 2008ರಿಂದ ಬಂದ ಅವರ 'ಜಿಮ್ಖಾನಾ' ವಿಡಿಯೊಗಳಲ್ಲಿ ಮೊದಲು ಸುಬಾರು, ಆಮೇಲೆ ಫೋರ್ಡ್, 2014ರಲ್ಲಿ 845 ಅಶ್ವಶಕ್ತಿಯ, ನಾಲ್ಕೂ ಚಕ್ರ ಓಡುವ ಮಸ್ಟಾಂಗ್. ಇವುಗಳಲ್ಲಿ ಮುಂದಿನ ಚಕ್ರ ನೋಡಿದರೆ ಹೆಚ್ಚು ಹೊತ್ತು ಅವು ನೇರವಾಗಿಯೇ ಇರುತ್ತವೆ. ಕಾರು ಅಡ್ಡ, ಚಕ್ರ ನೇರ, ನಾಲ್ಕೂ ಕಡೆ ಹೊಗೆ. ಡ್ರೈವ್ ವಿಷಯದಲ್ಲಿ ಈ ವಿಡಿಯೊಗಳು ಪ್ರಾಮಾಣಿಕ. ಮೊದಲನೆಯದು ನಡೆದದ್ದು ಬಳಕೆಯಲ್ಲಿಲ್ಲದ ವಿಮಾನ ನೆಲೆಯಲ್ಲಿ. ಅವರು ಮುಚ್ಚಿಡುವುದು ಕತ್ತರಿಯಲ್ಲಿ ಹೋದ ವಿಫಲ ಪ್ರಯತ್ನಗಳನ್ನು. ಬ್ಲಾಕ್ ವೃತ್ತಿಪರ ರ್‍ಯಾಲಿ ಚಾಲಕರಾಗಿದ್ದವರು, 2023ರ ಜನವರಿಯಲ್ಲಿ ಸ್ನೋಮೊಬೈಲ್ ಅಪಘಾತದಲ್ಲಿ ತೀರಿಕೊಂಡರು.

ನಮ್ಮ ಗೌರವ್ ಗಿಲ್ ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಶಿಪ್ಪನ್ನು 2013, 2016, 2017ರಲ್ಲಿ ಗೆದ್ದದ್ದು ನಾಲ್ಕು ಚಕ್ರದ ಸ್ಕೋಡಾ ಫಾಬಿಯಾದಲ್ಲಿ. ಅಲ್ಲಿ ರಸ್ತೆ ಮುಚ್ಚಿರುತ್ತದೆ, ಮೊದಲೇ ಓಡಿ ನೋಡಿ ಪ್ರತಿ ತಿರುವನ್ನೂ ಬರೆದುಕೊಂಡಿರುತ್ತಾರೆ, ಅದನ್ನು ಓದಿ ಹೇಳಲು ಪಕ್ಕದಲ್ಲಿ ಒಬ್ಬ ಇರುತ್ತಾನೆ. ಆ ಪಕ್ಕದ ಸೀಟಿನ ಕೆಲಸದಲ್ಲಿ ಹೆಸರು ಮಾಡಿದ, ಗಿಲ್ ಜೊತೆಗೂ ಕೂತ ಮೂಸಾ ಷರೀಫ್ ಇಲ್ಲೇ ಕಾಸರಗೋಡಿನವರು. ಟೋಕಿಯೊ ಡ್ರಿಫ್ಟ್‌ನಲ್ಲಿ ಪಕ್ಕದ ಸೀಟಿನಲ್ಲಿ ಹುಡುಗಿ ಇರ್ತಾಳೆ. ಶಿಬುಯಾ ಕ್ರಾಸಿಂಗ್‌ನಲ್ಲಿ ಕಾರುಗಳು ಅಡ್ಡಡ್ಡ ಬರುವಾಗ ಜನಜಂಗುಳಿ ಅಕ್ಕಿ ಸರಿಸಿದ ಹಾಗೆ ಎರಡು ಕಡೆ ಸರಿದು ದಾರಿ ಬಿಡುತ್ತದೆ. ಹಂಪನಕಟ್ಟೆಯಲ್ಲಿ ಹಾರ್ನ್ ಹಾಕಿದರೂ ಯಾರೂ ಸರಿಯುವುದಿಲ್ಲ, ಸರಿಯಬೇಕಾಗಿಯೂ ಇಲ್ಲ. ಸಾರ್ವಜನಿಕ ರಸ್ತೆಯಲ್ಲಿ ಅಭ್ಯಾಸ ಅಂದರೆ ಪ್ರೊಡಕ್ಷನ್‌ನಲ್ಲಿ ಟೆಸ್ಟ್ ಮಾಡಿದ ಹಾಗೆ, ಅದೂ ಬ್ಯಾಕಪ್ ಇಲ್ಲದೆ.

ಸಿನಿಮಾ ಮುಗಿದ ಮೇಲೆ ತಮ್ಮ ಮೊಬೈಲ್ ತೆಗೆದು ಒಂದು ಸೆಕೆಂಡ್‌ಹ್ಯಾಂಡ್ ಡಸ್ಟರ್ ತೋರಿಸಿದ. ಆಲ್ ವೀಲ್ ಡ್ರೈವ್ ಮಾದರಿ, 2014ರಲ್ಲಿ ಮಾರುಕಟ್ಟೆಗೆ ಬಂದದ್ದು. ಅದು ಮಾಮೂಲಿಯಾಗಿ ಮುಂದಿನ ಚಕ್ರದಲ್ಲೇ ಓಡುತ್ತದೆ, ಮುಂದಿನದು ಜಾರಿದಾಗ ಹಿಂದಿನದಕ್ಕೆ ಶಕ್ತಿ ಕಳಿಸುತ್ತದೆ ಎಂದೆ. ಕೆಸರಿನಿಂದ ಎದ್ದು ಬರಲು ಒಳ್ಳೆಯದು, ಎವೋ ಅಲ್ಲ. "ಹಾಗಾದ್ರೆ ಥಾರ್?" ಥಾರ್ ಫೋರ್ ಬೈ ಫೋರ್‌ನಲ್ಲಿ ಲಿವರ್ 2ಎಚ್‌ನಲ್ಲಿದ್ದರೆ ಹಿಂದಿನ ಚಕ್ರ ಮಾತ್ರ, 4ಎಚ್‌ಗೆ ಹಾಕಿದರೆ ಮುಂದಿನದೂ ಹಿಂದಿನದೂ ಒಂದಕ್ಕೊಂದು ಬೀಗ ಹಾಕಿದ ಹಾಗೆ. ಒಣ ಡಾಂಬರಿನಲ್ಲಿ ಹಾಗೆ ತಿರುಗಿಸಿದರೆ ಗೇರುಗಳೇ ಬಿಗಿದುಕೊಳ್ಳುತ್ತವೆ. ಮೇಲಾಗಿ ಎತ್ತರದ ಗಾಡಿ, ಅಡ್ಡ ಹೋದರೆ ಮಗುಚುವ ಭಯ ಬೇರೆ. ಆಲ್ ವೀಲ್ ಡ್ರೈವ್ ಎನ್ನುವುದು ಒಂದೇ ವಸ್ತುವಿನ ಹೆಸರಲ್ಲ.

ಅವನು ಸುಮ್ಮನಾದ. ಆಮೇಲೆ ಕೇಳಿದ, "ದೊಡ್ಡಪ್ಪನ ಓಮ್ನಿ ಉಂಟಾ ಈಗ್ಲೂ?"

ಉಂಟು. ಕೊಟ್ಟಿಗೆಯ ಪಕ್ಕ ನಿಂತಿದೆ, ಬ್ಯಾಟರಿ ಸತ್ತಿದೆ, ಒಳಗೆ ಕೋಳಿ ಮೊಟ್ಟೆ ಇಡುತ್ತದೆ. ಗದ್ದೆ ಕೊಯ್ಲು ಮುಗಿದ ಮೇಲೆ ಬೇಲಿಯೊಳಗೆ ಎರಡು ಎಕರೆ ಖಾಲಿ ಇರುತ್ತದೆ, ಟ್ಯಾಂಕಿನ ನೀರು ಬಿಟ್ಟರೆ ಸಾಕಷ್ಟು ಜಾರುತ್ತದೆ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಮತ್ತೆ ಕೇಳಿದ್ದು, ಹುಡುಗನ ಕೈ ಸರಿಯಾಗಲು ಎಷ್ಟು ದಿನ ಬೇಕಂತೆ ಎಂದು.