ಜೀರೋ ಬಲ್ಬಿನ ಸಾಕ್ಷಿ

ಕಲಬುರಗಿಯಲ್ಲಿ ಟಿವಿ ತಂತಾನೇ ಬಂದ್ ಆಗತೊಡಗಿದರೆ ಕಾರಣ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. “ವೋಲ್ಟೇಜ್ ಪ್ರಾಬ್ಲಂ ಅದ ರೀ, ಸ್ಟೆಬಿಲೈಜರ್ ಹಾಕ್ರಿ.” ಹಾಕಿದ ಮೇಲೂ ಬಂದ್ ಆದರೆ ಎರಡನೆಯ ತೀರ್ಪು ಬರುತ್ತದೆ: “ಬೋರ್ಡ್ ಹೋಗ್ಯಾದ. ರಿಪೇರಿಗೆ ರೊಕ್ಕ ಹಾಕಬ್ಯಾಡ್ರಿ, ಹೊಸಾದು ತಗೋರಿ.” ನೆರೆಮನೆಯವರು, ಬೀಗರು, ಅಂಗಡಿಯವರು ಎಲ್ಲರ ಬಾಯಲ್ಲೂ ಈ ಎರಡೇ ಮಾತು. ಬಹಳ ಸಲ ಎರಡೂ ತಪ್ಪಿರುತ್ತವೆ. ಟಿವಿಯನ್ನು ಒಂದು ಸಂಜೆಯಾದರೂ ಕೂತು ಗಮನಿಸುವ ಮೊದಲೇ ಹೇಳಿದ ಮಾತುಗಳಿವು. ಇವನ್ನು ನಂಬಿ ದುಡಿಯುವ ಮನೆಗಳು ಸಾವಿರಾರು ರೂಪಾಯಿ ಕಳೆದುಕೊಳ್ಳುತ್ತವೆ. ಅದಕ್ಕೇ ಇವನ್ನು ಪ್ರಶ್ನಿಸಬೇಕಾಗಿದೆ.

ವೋಲ್ಟೇಜಿನ ಮಾತು ಹುಟ್ಟಿದ್ದಕ್ಕೆ ಕಾರಣವಿದೆ. ನಮ್ಮ ಭಾಗಕ್ಕೆ ಟಿವಿ ಬಂದದ್ದು ಬೆಂಗಳೂರಿಗಿಂತ ಮೊದಲು. 1975ರ ಆಗಸ್ಟ್ 1ರಂದು ಶುರುವಾದ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿದ್ದವು. ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆಗಳು ಗುಲ್ಬರ್ಗ (ಇಂದಿನ ಕಲಬುರಗಿ), ರಾಯಚೂರು, ವಿಜಾಪುರ. ಒಂದು ವರ್ಷದ ಪ್ರಯೋಗ ಮುಗಿದ ಮೇಲೆ 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರವಾಯಿತು. ಬೆಂಗಳೂರಿನ ಕೇಂದ್ರ ಶುರುವಾದದ್ದು 1981ರಲ್ಲಿ. ಮುಂದೆ ಮನೆಮನೆಗೆ ಬಂದ ಕೊಳವೆ ಟಿವಿಗಳಿಗೆ ವೋಲ್ಟೇಜ್ ನಿಜಕ್ಕೂ ಶತ್ರುವಾಗಿತ್ತು. ಸಂಜೆ ಏಳಕ್ಕೆ ಓಣಿಯ ದೀಪಗಳೆಲ್ಲ ಹತ್ತಿದಾಗ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗುತ್ತಿತ್ತು, ಅಂಚಿನಲ್ಲಿ ಕಪ್ಪು ಪಟ್ಟಿ ಬರುತ್ತಿತ್ತು. ಹೀಗಾಗಿ ಟಿವಿ ಕೊಂಡವರು ಜೊತೆಗೇ ಸ್ಟೆಬಿಲೈಜರನ್ನೂ ಕೊಳ್ಳುತ್ತಿದ್ದರು. ಆ ಕಾಲಕ್ಕೆ ಅದು ಸರಿಯಾದ ವಿವೇಕ.

ಈಗ ಯಂತ್ರ ಬದಲಾಗಿದೆ, ಮಾತು ಮಾತ್ರ ಬದಲಾಗಿಲ್ಲ. ನಿಮ್ಮ ಎಲ್‌ಇಡಿ ಟಿವಿಯ ಹಿಂದೆ ಅಂಟಿಸಿದ ಚೀಟಿ ಓದಿ. ಬಹುತೇಕ ಸೆಟ್ಟುಗಳ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. ಒಳಗಿರುವ ಎಸ್‌ಎಂಪಿಎಸ್ ಎಂಬ ವಿದ್ಯುತ್ ಘಟಕ ಬಂದ ಕರೆಂಟನ್ನು ಮೊದಲು ಏಕಮುಖ ಮಾಡಿಕೊಳ್ಳುತ್ತದೆ. ಆಮೇಲೆ ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ, ಬೇಕಾದಷ್ಟೇ ಅಳತೆಯ ವೋಲ್ಟೇಜನ್ನು ಒಳಗಿನ ಭಾಗಗಳಿಗೆ ಕೊಡುತ್ತದೆ. ಮನೆಗೆ ಬರುವ 230 ವೋಲ್ಟ್ 170ಕ್ಕೆ ಇಳಿದರೂ ಅದರ ಕೆಲಸ ನಿಲ್ಲುವುದಿಲ್ಲ. ಅಂದರೆ ಸ್ಟೆಬಿಲೈಜರಿನ ಕೆಲಸವನ್ನು ಟಿವಿ ತಾನೇ ಮಾಡಿಕೊಳ್ಳುತ್ತದೆ. ಅದರ ಮೇಲೆ ಹಳೆಯ ರಿಲೇ ಸ್ಟೆಬಿಲೈಜರ್ ಕೂರಿಸಿದರೆ ಕೆಲವೊಮ್ಮೆ ಅದೇ ತೊಂದರೆಗೆ ಮೂಲವಾಗುತ್ತದೆ. ವೋಲ್ಟೇಜ್ ಏರಿಳಿದಾಗ ರಿಲೇ ‘ಟಕ್’ ಎಂದು ಜಾಗ ಬದಲಿಸುತ್ತದೆ. ಮಿತಿ ದಾಟಿತೆಂದು ಅದಕ್ಕೆ ಅನ್ನಿಸಿದರೆ ಕರೆಂಟನ್ನೇ ಕಡಿಯುತ್ತದೆ. ಸುಮ್ಮನಿದ್ದರೆ ನಡೆಯುತ್ತಿದ್ದ ಟಿವಿ ಆಗ ಬಂದ್ ಆಗುತ್ತದೆ.

ಕಮಲಾಪುರದಲ್ಲಿರುವ ನನ್ನ ಅಕ್ಕನ ಮನೆಯ ಟಿವಿ ತಂತಾನೇ ಬಂದ್ ಆಗತೊಡಗಿದಾಗಲೂ ಕೇಳಿಬಂದದ್ದು ಅವೇ ಎರಡು ಮಾತು. ಕಲಬುರಗಿಯಿಂದ ಹುಮನಾಬಾದ ರಸ್ತೆಯಲ್ಲಿ ಮಹಾಗಾಂವ ಕ್ರಾಸ್ ದಾಟಿ ಹೋದರೆ ಕಮಲಾಪುರ, ಕೆಂಪು ಬಾಳೆಗೆ ಹೆಸರಾದ ಊರು. ಅಲ್ಲಿ ಯಾರನ್ನು ಕೇಳಿದರೂ “ಬಾಳಿ ತ್ವಾಟಕ್ಕ ಮೋಟಾರ್ ಚಾಲೂ ಆದ್ವು ಅಂದ್ರ ವೋಲ್ಟೇಜ್ ಬೀಳ್ತದ” ಅನ್ನುತ್ತಿದ್ದರು. ಆದರೆ ನಿರಂತರ ಜ್ಯೋತಿ ಯೋಜನೆಯಲ್ಲಿ ರಾಜ್ಯದ ಹಲವು ಕಡೆ ಪಂಪ್‌ಸೆಟ್ಟಿನ ಫೀಡರುಗಳನ್ನೂ ಊರಿನ ಫೀಡರುಗಳನ್ನೂ ಬೇರೆ ಮಾಡಿದ್ದಾರೆ. ಹಳೆಯ ಅನುಭವವನ್ನು ಇವತ್ತಿನ ಸಾಕ್ಷಿ ಎಂದು ಒಪ್ಪಿಕೊಳ್ಳುವಂತಿಲ್ಲ. ಆದರೂ ಅಕ್ಕನ ಮನೆಗೆ ಸ್ಟೆಬಿಲೈಜರ್ ತಂದದ್ದಾಯಿತು. ಬೋರ್ಡ್ ಹೋಗಿದೆ ಎಂಬ ತೀರ್ಪೂ ಬಂತು. ಹೊಸ ಟಿವಿಗೆ ಕಂತಿನ ಮಾತು ನಡೆದಿತ್ತು.

ನಾನು ಹೋದ ದಿನ ಮಾಡಿದ್ದು ಒಂದೇ ಕೆಲಸ. ಟಿವಿ ಸಿಗಿಸಿದ್ದ ಎಕ್ಸ್‌ಟೆನ್ಷನ್ ಬೋರ್ಡಿನ ಪಕ್ಕದ ತೂತಿಗೆ ಒಂದು ಜೀರೋ ಬಲ್ಬ್ ಹಾಕಿ, ಎದುರಿಗೆ ಕೂತೆ. ಇದಕ್ಕೆ ತಂತಿಯುಳ್ಳ ಹಳೆಯ ಬಲ್ಬೇ ಒಳ್ಳೆಯದು. ವೋಲ್ಟೇಜ್ ಇಳಿದರೆ ಮಂಕಾಗಿ ತೋರಿಸಿಕೊಡುತ್ತದೆ. ಟಿವಿಯ ಕೆಳಅಂಚಿನಲ್ಲಿ ಒಂದು ಕೆಂಪು ದೀಪವಿರುತ್ತದಲ್ಲ, ಬಂದ್ ಮಾಡಿದಾಗ ಹತ್ತುವುದು, ಅದರ ಮೇಲೂ ಕಣ್ಣಿಟ್ಟೆ. ಮುಕ್ಕಾಲು ಗಂಟೆಗೆ ಟಿವಿ ಕಪ್ಪಾಯಿತು. ಬಲ್ಬ್ ಅಲುಗಲಿಲ್ಲ, ಮಂಕೂ ಆಗಲಿಲ್ಲ. ಕೆಂಪು ದೀಪ ಮಾತ್ರ ಹತ್ತಲೇ ಇಲ್ಲ. ಬೋರ್ಡಿನವರೆಗೆ ಕರೆಂಟ್ ಬರುತ್ತಿತ್ತು, ಟಿವಿಗೆ ತಲುಪುತ್ತಿರಲಿಲ್ಲ. ಮೇನ್ ಆಫ್ ಮಾಡಿ ಪ್ಲಗ್ ಕಿತ್ತು ನೋಡಿದರೆ ಒಂದು ಪಿನ್ನಿನ ಬುಡ ಕಂದಾಗಿತ್ತು, ತೂತಿನ ಸುತ್ತ ಪ್ಲಾಸ್ಟಿಕ್ ಕರಗಿ ಉಂಗುರದಂತೆ ಕಪ್ಪಾಗಿತ್ತು. ಒಳಗಿನ ಹಿತ್ತಾಳೆ ಪಟ್ಟಿ ಸಡಿಲಾಗಿ, ಬಿಸಿಯಾದಂತೆ ಹಿಗ್ಗಿ ಸಂಪರ್ಕ ಬಿಡುತ್ತಿತ್ತು. ಪ್ಲಗ್ಗನ್ನೂ ಸಾಕೆಟ್ಟನ್ನೂ ಬದಲಿಸಿದೆವು. ಖರ್ಚು ಇನ್ನೂರು ರೂಪಾಯಿ ದಾಟಲಿಲ್ಲ. ಟಿವಿ ಇವತ್ತಿಗೂ ನಡೆಯುತ್ತಿದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಆ ಸಾಕೆಟ್ ಇನ್ನೊಂದು ಬೇಸಿಗೆ ಹಾಗೇ ಇದ್ದಿದ್ದರೆ ಬೆಂಕಿಯೇ ಹೊತ್ತಿಕೊಳ್ಳಬಹುದಿತ್ತು. “ವೋಲ್ಟೇಜ್” ಎಂದು ಸುಮ್ಮನಾಗಿದ್ದರೆ ನಮಗದು ಕಾಣುತ್ತಲೇ ಇರಲಿಲ್ಲ.

ಈ ಪರೀಕ್ಷೆ ಯಾವ ಮನೆಯಲ್ಲಾದರೂ ಮಾಡಬಹುದು. ಬಲ್ಬೂ ಟಿವಿಯೂ ಒಟ್ಟಿಗೇ ಹೋದರೆ ದೋಷ ಲೈನಿನಲ್ಲಿದೆ, ಇಲ್ಲವೇ ಆ ಬೋರ್ಡಿಗೆ ಬರುವ ವೈರಿನಲ್ಲಿದೆ. ಬಲ್ಬ್ ಉರಿಯುತ್ತಿದ್ದು ಟಿವಿಯ ಕೆಂಪು ದೀಪ ಸತ್ತಿದ್ದರೆ ಪ್ಲಗ್, ವೈರು ಅಥವಾ ಟಿವಿಯ ವಿದ್ಯುತ್ ಘಟಕ ನೋಡಬೇಕು. ಬೇರೆ ಸಾಕೆಟ್ಟಿನಲ್ಲಿ ಎರಡು ದಿನ ನಡೆಸಿದರೆ ಯಾವುದೆಂದು ತಿಳಿಯುತ್ತದೆ. ಬಲ್ಬೂ ಉರಿಯುತ್ತಿದೆ, ಕೆಂಪು ದೀಪವೂ ಹತ್ತಿದೆ ಎಂದರೆ ಟಿವಿಗೆ ಕರೆಂಟಿನ ಕೊರತೆಯಿಲ್ಲ. ಯಾವುದೋ ಅಪ್ಪಣೆಯಿಂದ ಅದು ಮಲಗಿದೆ, ಇಲ್ಲವೇ ತನ್ನನ್ನು ಕಾಪಾಡಿಕೊಳ್ಳಲು ನಿಂತಿದೆ.

ಅಪ್ಪಣೆ ಎಲ್ಲಿಂದ ಬರುತ್ತದೆ? ಸ್ಲೀಪ್ ಟೈಮರಿನಿಂದ ಬರಬಹುದು. ಗಂಟೆಗಟ್ಟಲೆ ರಿಮೋಟ್ ಮುಟ್ಟದಿದ್ದರೆ ಬಂದ್ ಆಗುವ ಸೆಟ್ಟಿಂಗಿನಿಂದ ಬರಬಹುದು. ದಿನವೂ ಅಷ್ಟೇ ಹೊತ್ತಿಗೆ ಬಂದ್ ಆಗುತ್ತಿದ್ದರೆ ಮೊದಲು ಇದನ್ನೇ ನೋಡಿ. ಸೆಟ್‌ಟಾಪ್ ಬಾಕ್ಸ್ ಮಲಗುವಾಗ ಎಚ್‌ಡಿಎಂಐ ಕೇಬಲ್ಲಿನಲ್ಲಿ ಟಿವಿಗೂ ಮಲಗಲು ಹೇಳಬಲ್ಲದು. ಈ ಸೌಲಭ್ಯಕ್ಕೆ ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್ ಎಂದು ಹೆಸರು. ಅದನ್ನು ಬಂದ್ ಮಾಡಿಟ್ಟು ನೋಡಿ. ರಿಮೋಟಿನ ಪವರ್ ಗುಂಡಿ ಒತ್ತಿಕೊಂಡೇ ಕೂತಿದ್ದರೂ ಹೀಗಾಗುತ್ತದೆ. ಸೆಲ್ ತೆಗೆದಿಟ್ಟು ಒಂದು ಸಂಜೆ ನೋಡಿದರೆ ಸಾಕು.

ಕಾಪಾಡಿಕೊಳ್ಳುವ ಮಾತು ಕಲಬುರಗಿಗೆ ವಿಶೇಷವಾಗಿ ಸಲ್ಲುತ್ತದೆ. ಮೇ ತಿಂಗಳಲ್ಲಿ ಇಲ್ಲಿ 42–43 ಡಿಗ್ರಿ ಹೊಸದಲ್ಲ. ಪಶ್ಚಿಮದ ಗೋಡೆ ರಾತ್ರಿ ಒಂಬತ್ತಕ್ಕೂ ಬಿಸಿ ಕಾರುತ್ತಿರುತ್ತದೆ. ಅದೇ ಗೋಡೆಗೆ ಟಿವಿ ಅಂಟಿಸಿ, ಸುತ್ತ ಶೋಕೇಸ್ ಕಟ್ಟಿಸಿ, ಹಿಂದಿನ ಗಾಳಿಕಿಂಡಿ ಮುಚ್ಚಿಬಿಡುತ್ತೇವೆ. ಒಳಗಿನ ಎಲೆಕ್ಟ್ರೋಲೈಟಿಕ್ ಕೆಪಾಸಿಟರುಗಳ ವಿಷಯದಲ್ಲಿ ಎಂಜಿನಿಯರುಗಳ ಲೆಕ್ಕ ಸರಳ: ಬಿಸಿ ಹತ್ತು ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಚಳಿಗಾಲದಲ್ಲಿ ಸುಮ್ಮನಿದ್ದು ಬೇಸಿಗೆಯಲ್ಲಿ ಬಂದ್ ಆಗುವ ಟಿವಿ, ತಣ್ಣಗಾದ ಮೇಲೆ ಮತ್ತೆ ನಡೆಯುವ ಟಿವಿ, ಗಾಳಿ ಕೇಳುತ್ತಿದೆ. ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ತನ್ನಿ, ಕಿಂಡಿಯ ಧೂಳು ಒರೆಸಿ.

ವೋಲ್ಟೇಜ್ ಎಂದೂ ಕಾರಣವಲ್ಲ ಎಂದು ನಾನು ಹೇಳುವುದಿಲ್ಲ. ಸಿಡಿಲಿನ ಹೊಡೆತ ನಿಜ. ಗುಡುಗು ಕೇಳಿಸಿದರೆ ಪ್ಲಗ್ಗನ್ನೂ ಡಿಶ್ ಅಥವಾ ಕೇಬಲ್ ತಂತಿಯನ್ನೂ ಕಿತ್ತಿಡಬೇಕು. ಅದಕ್ಕಿಂತ ಅಪಾಯದ್ದು ಸಡಿಲವಾದ ನ್ಯೂಟ್ರಲ್. ಆಗ ಮನೆಗೆ 230ರ ಬದಲು 400ರ ಹತ್ತಿರದ ವೋಲ್ಟೇಜ್ ನುಗ್ಗಬಹುದು. ಒಂದು ಕೋಣೆಯ ದೀಪ ಮಂಕಾಗಿ ಇನ್ನೊಂದರದ್ದು ಕಣ್ಣು ಕುಕ್ಕುವಂತೆ ಉರಿದರೆ ಮೇನ್ ಇಳಿಸಿ ವಿದ್ಯುತ್ ಕಂಪನಿ ಜೆಸ್ಕಾಂಗೆ ಫೋನ್ ಮಾಡಿ. ಸಾಮಾನ್ಯ ಸ್ಟೆಬಿಲೈಜರ್ ಇದಕ್ಕೆ ಉತ್ತರವಲ್ಲ. ವೋಲ್ಟೇಜ್ ನಿಜವಾಗಿಯೂ ಕಾರಣವಾದಾಗ ಮನೆಯ ದೀಪಗಳೆಲ್ಲ ಸಾಕ್ಷಿ ಹೇಳುತ್ತವೆ, ಟಿವಿಯೊಂದೇ ಅಲ್ಲ.

ಇನ್ನು “ಬೋರ್ಡ್ ಹೋಗ್ಯಾದ” ಎಂಬ ಮಾತು. ಯಾವ ಬೋರ್ಡ್ ಎಂದು ಕೇಳಿ. ಟಿವಿಯಲ್ಲಿ ವಿದ್ಯುತ್ ಬೋರ್ಡ್ ಬೇರೆ, ಮೇನ್ ಬೋರ್ಡ್ ಬೇರೆ, ಪರದೆಯ ಹಿಂದೆ ಬೆಳಕು ಕೊಡುವ ಎಲ್‌ಇಡಿ ಪಟ್ಟಿಗಳು ಬೇರೆ. ಹಚ್ಚಿದ ಎರಡು–ಮೂರು ಸೆಕೆಂಡಿಗೇ ಚಿತ್ರ ಹೋದರೆ ಸಂಶಯ ಮೊದಲು ಆ ಪಟ್ಟಿಗಳ ಮೇಲೆ ಬೀಳಬೇಕು. ತಲೆ ಉಬ್ಬಿದ ಕೆಪಾಸಿಟರ್ ಬದಲಿಸಿದರೆ ಎದ್ದು ನಿಲ್ಲುವ ವಿದ್ಯುತ್ ಬೋರ್ಡುಗಳು ಬಹಳ. ಸೋಲ್ಡರಿಂಗ್ ಐರನ್ ಹಿಡಿದು ಆ ಕೆಲಸ ಮಾಡಬಲ್ಲ ಮೆಕ್ಯಾನಿಕ್ಕುಗಳು ನಮ್ಮಲ್ಲಿ ಇನ್ನೂ ಇದ್ದಾರೆ. ನಾವು ಹೊಸದೇ ಕೊಳ್ಳುತ್ತ ಹೋದರೆ ಅವರ ಮೇಜು ಖಾಲಿಯಾಗುತ್ತದೆ. ನೀವಾಗಿ ಮಾತ್ರ ಹಿಂಬದಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು.

ಮೆಕ್ಯಾನಿಕ್ಕನಿಗೆ ಫೋನ್ ಮಾಡುವಾಗ ಮೂರು ಮಾತು ಹೇಳಿ: ಹಚ್ಚಿದ ಎಷ್ಟು ಹೊತ್ತಿಗೆ ಬಂದ್ ಆಗುತ್ತದೆ, ಆಗ ಕೆಂಪು ದೀಪ ಇರುತ್ತದೋ ಹೋಗುತ್ತದೋ, ಪಕ್ಕದ ಬಲ್ಬ್ ಏನಾಯಿತು. ಅಕ್ಕನ ಮನೆಯ ಆ ಜೀರೋ ಬಲ್ಬ್ ಈಗ ದೇವರ ಜಗುಲಿಯ ಪಕ್ಕ ಉರಿಯುತ್ತದೆ. ಓಣಿಯಲ್ಲಿ ಯಾರ ಮನೆಯ ಟಿವಿ ಬಂದ್ ಆದರೂ ಅಕ್ಕ ಮೊದಲು ಅದನ್ನೇ ಕಳಚಿ ಕೊಡುತ್ತಾಳೆ.