ಬಯಲಿಗೊಂದು ಸೂರು

ಬಾಳ್ಳುಪೇಟೆಯ ಮಳೆಗಾಲದಲ್ಲಿ ತಗಡಿನ ಶೀಟಿನ ಕೆಳಗೆ ಪಾಠ ಮಾಡಿದವಳು ನಾನು. ಮಳೆ ಜೋರಾದರೆ ಟೀಚರ ದನಿ ಮೊದಲ ಬೆಂಚಿಗೂ ಮುಟ್ಟುವುದಿಲ್ಲ. ನಮ್ಮ ಕಡೆಯ ಮೈದಾನವೊಂದನ್ನು 'ಅಭಿವೃದ್ಧಿ' ಮಾಡಿ, ಪ್ರೇಕ್ಷಕರ ತಲೆಯ ಮೇಲೂ ಶೀಟು ಹೊದಿಸಿದರು. ಮೊದಲ ಕಾರ್ಯಕ್ರಮದಲ್ಲಿ ಮಕ್ಕಳ ಹಾಡೂ ಮಳೆಯೂ ಒಟ್ಟಿಗೇ ಶುರುವಾದವು. ನಾವು ನೆನೆಯಲಿಲ್ಲ, ನಿಜ, ಹಾಡೂ ಕೇಳಿಸಲಿಲ್ಲ.

ಆಗ ನೆನಪಾದದ್ದು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂಬದಿ. ಟಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿದ ಆ ಕಲಾಕ್ಷೇತ್ರ ತೆರೆದದ್ದು 1963ರಲ್ಲಿ. ಅಷ್ಟು ದೊಡ್ಡ ಸಭಾಂಗಣವಿದ್ದೂ 1972ರಲ್ಲಿ ಬಿ.ವಿ. ಕಾರಂತರು ಹಿಂದಿನ ಬಯಲಿಗೆ ಬಂದು ಲಂಕೇಶರ 'ಸಂಕ್ರಾಂತಿ', ಕಂಬಾರರ 'ಜೋಕುಮಾರಸ್ವಾಮಿ' ಆಡಿಸಿದರು. ಬಯಲಾಟದ ಧಾಟಿಯ ಹಾಡಿಗೆ ಬಯಲೇ ಸಿಕ್ಕಿತು. ಮುಂದೆ ಆ ಜಾಗ ನಾಟಕಕಾರ ಸಂಸರ ಹೆಸರಿನ ಬಯಲು ರಂಗಮಂದಿರವಾಯಿತು. 1939ರಲ್ಲಿ ತೀರಿಕೊಂಡ ಸಂಸರ ನಾಟಕಗಳಲ್ಲಿ ನಮಗೆ ಉಳಿದದ್ದು ಆರೇ ಆರು. ಇದ್ದದ್ದನ್ನು ಉಳಿಸಿಕೊಳ್ಳಬೇಕೆಂದು ಆ ಹೆಸರೇ ಹೇಳುವಂತಿದೆ.

ದುರಸ್ತಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ಹೆಂಗಸರಿಗೆ ಶುಚಿಯಾದ ಶೌಚಾಲಯ ಬೇಕು, ದಾರಿಗೆ ದೀಪ ಬೇಕು, ಮೆಟ್ಟಿಲಿಗೆ ಹಿಡಿಕಂಬಿ ಬೇಕು, ಕೊನೆಯ ಬಸ್ಸಿಗೆ ಮುಂಚೆ ಆಟ ಮುಗಿಯಬೇಕು. ಇವಿಲ್ಲದಿದ್ದರೆ ಎಷ್ಟು ತೆರೆದ ಬಯಲಾದರೂ ನಮ್ಮಂಥವರ ಪಾಲಿಗೆ ಮುಚ್ಚಿದ್ದೇ. ಆದರೆ ಯೋಜನೆ ಹಾಕುವವರಿಗೆ ಮೊದಲು ಹೊಳೆಯುವುದು ಸೂರು, ಕಮಾನು, ಉದ್ಘಾಟನೆಯ ಕಲ್ಲು. ಬಂದು ಕೂರುವವರನ್ನು ಯಾರೂ ಕೇಳುವುದಿಲ್ಲ.

ನಮ್ಮ ಮಲೆನಾಡಿನ ಹಿರಿಯರು ಮಳೆ ಹಿಡಿಯುವ ಮುಂಚೆಯೇ ಸುಗ್ಗಿ ಕುಣಿದು ಮುಗಿಸುತ್ತಿದ್ದರು. ಶೀಟಿಗಿಂತ ಪಂಚಾಂಗ ಅಗ್ಗ.