ಪವಿತ್ರಾವಶೇಷವೂ ಪ್ರಮಾಣವೂ

ಪವಿತ್ರಾವಶೇಷಗಳ ವಿಚಾರದಲ್ಲಿ ಎರಡು ಬಗೆಯ ಅವಸರ ಕಂಡುಬರುತ್ತದೆ. ವಸ್ತು ಕಣ್ಣೆದುರಿಗಿದೆಯಾದುದರಿಂದ ಅದರ ಕಥೆಯೂ ನಿಜವೆಂದು ಭಕ್ತನು ಭಾವಿಸುತ್ತಾನೆ. ವಸ್ತು ಹುಸಿಯೆಂದು ತಿಳಿದೊಡನೆ ಕಥೆಯೆಲ್ಲವೂ ಹುಸಿಯೆಂದು ಸಂಶಯವಾದಿಯು ಸಾರುತ್ತಾನೆ. ಪ್ರಮಾಣವು ಯಾವ ಪ್ರಶ್ನೆಗೆ ಉತ್ತರ ಹೇಳುತ್ತಿದೆಯೆಂಬುದನ್ನು ಇಬ್ಬರೂ ವಿಚಾರಿಸುವುದಿಲ್ಲ.

ಇಟಲಿಯ ಟೂರಿನ್ ನಗರದಲ್ಲಿ, ಯೇಸುವಿನ ಶವಕ್ಕೆ ಹೊದಿಸಿದುದೆಂದು ಅನೇಕರು ನಂಬುವ ನಾರುಬಟ್ಟೆಯೊಂದಿದೆ. 1988ರಲ್ಲಿ ಆಕ್ಸ್‌ಫರ್ಡ್, ಜೂರಿಕ್, ಅರಿಜೋನಾಗಳ ಪ್ರಯೋಗಶಾಲೆಗಳು ಇಂಗಾಲದ ಪರೀಕ್ಷೆಯಿಂದ ಅದರ ಕಾಲವನ್ನು 1260ರಿಂದ 1390ರ ನಡುವೆ ಗೊತ್ತುಪಡಿಸಿದವು. ಪರೀಕ್ಷೆಗೆ ತೆಗೆದ ತುಣುಕು ಮೂಲವಸ್ತ್ರದ್ದಲ್ಲ, ತೇಪೆಯದೆಂಬ ಆಕ್ಷೇಪವುಂಟು. ಆದರೆ ಪ್ರಯೋಗಶಾಲೆಯ ಸಾಕ್ಷ್ಯ ಒಂಟಿಯಲ್ಲ. ಈ ಬಟ್ಟೆಯ ಖಚಿತವಾದ ಚರಿತ್ರೆ ಮೊದಲಾಗುವುದೇ 14ನೆಯ ಶತಮಾನದ ಫ್ರಾನ್ಸಿನಲ್ಲಿ. ಇದು ಚಿತ್ರಕಾರನ ಕೈಕೆಲಸವೆಂದು ಪಿಯೆರ್ ದಾರ್ಸಿ ಎಂಬ ಬಿಷಪ್ಪನು 1389ರಲ್ಲಿಯೇ ಬರೆದಿದ್ದನು. ಸಂಶಯವು ಚರ್ಚಿನೊಳಗೇ ಹುಟ್ಟಿತ್ತೆಂಬುದು ಗಮನಾರ್ಹ. ಇಷ್ಟಾದರೂ, ಪರೀಕ್ಷೆಯು ನಿರ್ಣಯಿಸಿದುದು ಬಟ್ಟೆಯ ವಯಸ್ಸನ್ನು ಮಾತ್ರ. ಯೇಸು ಶಿಲುಬೆಗೇರಿದನೇ ಎಂಬುದು ಬೇರೆ ಪ್ರಶ್ನೆ. ಅದನ್ನು ಸುವಾರ್ತೆಗಳು, ರೋಮಿನ ಇತಿಹಾಸಕಾರ ಟ್ಯಾಸಿಟಸನ ಬರಹ ಮೊದಲಾದ ಸಾಕ್ಷ್ಯಗಳಿಂದ ತೂಗಬೇಕು.

ಈ ವಿವೇಕವನ್ನು ನಮ್ಮ ನೆಲದಲ್ಲಿಯೂ ಅಭ್ಯಾಸಮಾಡಬಹುದು. ನಾಲವಾರ ರೈಲ್ವೆ ನಿಲ್ದಾಣಕ್ಕೆ ಹೆಚ್ಚು ದೂರವಲ್ಲದ ಭೀಮಾತೀರದ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಕಾ ಗುಡಿಯ ಮಾಳಿಗೆ 1986ರಲ್ಲಿ ಕುಸಿಯಿತು. ದೇವಿಯ ಪೀಠವಾಗಿದ್ದ ಕಲ್ಲು ಅಶೋಕನ ಧರ್ಮಲಿಪಿಯೆಂದು ಆಗ ತಿಳಿಯಿತು. ಅನಂತರ 1990ರ ದಶಕದಲ್ಲಿ, ಸಮೀಪದ ಕನಗನಹಳ್ಳಿಯ ಸ್ತೂಪದ ಉತ್ಖನನದಲ್ಲಿ ‘ರಾಯೋ ಅಸೋಕೋ’ ಎಂಬ ಬ್ರಾಹ್ಮೀ ಬರಹವುಳ್ಳ ರಾಜಶಿಲ್ಪವು ದೊರೆಯಿತು. ಇದನ್ನು ಅಶೋಕನ ನಿಜವಾದ ಭಾವಚಿತ್ರವೆನ್ನುವವರುಂಟು. ನಾವು ಹಾಗೆನ್ನಲಾರೆವು. ಶಿಲ್ಪವು ಅವನಿಗಿಂತ ಶತಮಾನಗಳಷ್ಟು ಈಚಿನದು. ಶಿಲ್ಪಿಯು ಅವನನ್ನು ಕಂಡವನಲ್ಲ. ಅದು ಅಶೋಕನ ಮುಖಕ್ಕೆ ಸಾಕ್ಷಿಯಲ್ಲ, ಈ ನಾಡಿನಲ್ಲಿ ಉಳಿದಿದ್ದ ಅವನ ನೆನಪಿಗೆ ಸಾಕ್ಷಿ. ಪೀಠದ ಕಲ್ಲಾದರೋ ಅವನ ಆಜ್ಞೆಯನ್ನೇ ಹೊತ್ತಿದೆ.

ಆ ಕಲ್ಲಿನ ಮೇಲಿರುವ ಲಿಪಿಗಳಲ್ಲಿ ಹನ್ನೆರಡನೆಯದು ಪರಮತವನ್ನು ಹಳಿಯದಿರಬೇಕೆಂದು ಬೋಧಿಸುತ್ತದೆ. ಸಂಶಯವು ವಿದ್ವಾಂಸನ ಕರ್ತವ್ಯ. ತಾತ್ಸಾರವು ಆ ಕರ್ತವ್ಯದ ಅಂಗವಲ್ಲ. ಬಟ್ಟೆಯಾಗಲಿ ಕಲ್ಲಾಗಲಿ, ತಾನು ಬಲ್ಲಷ್ಟನ್ನೇ ನುಡಿಯಲು ಬಿಡುವುದು ನಮ್ಮ ಕೆಲಸ.